ಚಹಾದ ಜೋಡಿ ಬಿಳಿ ಗುಳಿಗಿ

ಮೋನಮ್ಮನಿಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಕಲಬುರಗಿಯ ದವಾಖಾನೆಯ ಬಾಕಿನ ಮೇಲಿಂದ ಎದ್ದು ಕಿಟಕಿಗೆ ಹೋಗುವಳು, ತಿರುಗಿ ಬಂದು ಕೂಡುವಳು, ಕುತ್ತಿಗೆಯ ಗಂಟನ್ನು ಒತ್ತಿ ನೋಡುವಳು. ಜೊತೆಗೆ ಬಂದಿದ್ದ ನೆರೆಮನೆಯ ಲಾಲಮ್ಮನಿಗೆ ಸಾಕಾಗಿತ್ತು.

"ಏ ಅಕ್ಕಾ, ಕುಂಡಿಗಿ ಮುಳ್ಳು ಚುಚ್ಯಾವೇನು? ಒಂದ್ ಘಳಿಗಿ ಕೂಡು."

"ಮೈಯಾಗ ಇರಿವಿ ಹರದಾಡಾಕತ್ಯಾವ ಬೇ. ನಿನಗೇನ್ ತಿಳೀತದ, ಸುಮ್ಕಿರು."

ಸಗರ ಊರಿನ ನಾಟಿ ಹೆಂಗಸರ ಗುಂಪಿಗೆ ಮೋನಮ್ಮನೇ ಮುಂದಾಳು. ಕಾಲುವೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದಾಗ ಆಕೆ ಹೊಸ ಸೊಸೆ. ಅಂದು ಬಗ್ಗಿಸಿದ ಸೊಂಟವನ್ನು ನೆಟ್ಟಗೆ ಮಾಡಿದ್ದು ಕೂಲಿ ಕೇಳುವಾಗ ಮಾತ್ರ. ಕಚೇರಿ ಮುಂದೆ ಧರಣಿ ಕೂತಿದ್ದಾಳೆ, ಬಸ್ಸು ತಡೆದಿದ್ದಾಳೆ, ಪೊಲೀಸರ ವ್ಯಾನಿನಲ್ಲಿ ಶಹಾಪುರ ಮುಟ್ಟುವತನಕ ಹಾಡಿದ್ದಾಳೆ. ತಂಬಾಕು ಮಾತ್ರ ದವಡೆಯಿಂದ ಇಳಿಯಲಿಲ್ಲ. ಅದೇ ದವಡೆಯಲ್ಲಿ ಹುಣ್ಣಾಯಿತು. ಕೊಯ್ದು ತೆಗೆದರು, ವಿಕಿರಣದ ಕರೆಂಟು ಕೊಟ್ಟರು. ವರ್ಷ ತುಂಬುವುದರೊಳಗೆ ಕ್ಯಾನ್ಸರು ಕುತ್ತಿಗೆಯಲ್ಲಿ ಗಂಟಾಗಿ ಎದ್ದಿತು. ಆಗ ಇದೇ ದವಾಖಾನೆಯ ಮಮ್ತಾಜ ಡಾಕ್ಟರು ಹೊಸ ಸೂಜಿ ಶುರು ಮಾಡಿದರು. ಪ್ರಯೋಗಕ್ಕೆ ಬಂದ ಔಷಧ, ಪುಕ್ಕಟೆ. ಇದೂ ಹತ್ತದಿದ್ದರೆ ನನ್ನ ಕೈಯಲ್ಲಿ ಬೇರೇನೂ ಇಲ್ಲ ಎಂದು ಮುಖದ ಮೇಲೇ ಹೇಳಿದ್ದರು.

ಇಂದು ಅಳೆದು ನೋಡಿದರೆ ಸೂಜಿ ಮೈಗೆ ಹತ್ತಿರಲಿಲ್ಲ. ಗಂಟು ಬೆಳೆದಿತ್ತು.

ಡಾಕ್ಟರು ಗಂಟು ಬಿಟ್ಟು ಮೋನಮ್ಮನ ತೋಳು ನೋಡತೊಡಗಿದರು. ಅಲ್ಲಲ್ಲಿ ನೀಲಿ ಕಲೆ, ಈರುಳ್ಳಿ ಸಿಪ್ಪೆಯಂಥ ಚರ್ಮ.

"ಬ್ಯಾರೆ ಏನರ ಔಷಧ ತಗೋತೀರೇನು?"

"ಇಲ್ರಿ. ಮೊದ್ಲ ದಿನಾನೇ ಹೇಳೀನಲ್ರಿ."

"ಮಾರಿ ಯಾಕ ಇಷ್ಟು ದುಂಡಗಾಗ್ಯಾದ?"

ಲಾಲಮ್ಮ ಕಿಸಕ್ಕನೆ ನಕ್ಕಳು. "ಊರಾಗೂ ಹಂಗೇ ಅಂತಾರ್ರಿ. ಬ್ಯಾನಿ ಹತ್ತಿದ ಮ್ಯಾಲ ಅಕ್ಕ ಮೈ ಹಿಡದಾಳ ಅಂತ."

ಡಾಕ್ಟರು ನಗಲಿಲ್ಲ. "ಮುಂಜಾನಿಂದ ಏನೇನು ಬಾಯಾಗ ಹಾಕ್ತೀರಿ, ಒಂದೊಂದೇ ಹೇಳ್ರಿ."

"ರೊಟ್ಟಿ ತಿನ್ನಾಕ ಆಗಂಗಿಲ್ರಿ, ಗಂಜಿ ಕುಡೀತೀನಿ. ಆಮ್ಯಾಲ ಚಹಾ. ಚಹಾದ ಜೋಡಿ ಗುಳಿಗಿ..."

"ಯಾವ ಗುಳಿಗಿ?"

"ಅಯ್ಯ, ಅದು ಔಷಧ ಅಲ್ರಿ. ಗದ್ದಿ ಗುಳಿಗಿ."

ಸುಳ್ಳಲ್ಲ. ಅವರಲ್ಲಿ ಯಾರೂ ಅದನ್ನು ಔಷಧವೆಂದು ಎಣಿಸುವುದಿಲ್ಲ. ನಾಟಿ ಕಾಲಕ್ಕೆ ಬದುವಿನ ಮೇಲೆ ಚಹಾದ ಕಿಟ್ಲಿ ಬರುತ್ತದೆ, ಜೊತೆಗೆ ಪುಡಿಕೆಯಲ್ಲಿ ಬಿಳಿ ಗುಳಿಗೆ. ನುಂಗಿದರೆ ಸೊಂಟ ಇದೆಯೆಂಬುದೇ ಮರೆತುಹೋಗುತ್ತದೆ. ಮೊದಲು ಹೆಂಗಸರು ತಾವೇ ಕಿರಾಣಿ ಅಂಗಡಿಯಿಂದ ತರುತ್ತಿದ್ದರು. ಒಂದು ಹಂಗಾಮಿನಲ್ಲಿ ಕೆಲಸ ನಿಲ್ಲಿಸಿ, ಕೂಲಿಯ ಜೊತೆ ಗುಳಿಗೆಯನ್ನೂ ಹೊಲದವರೇ ಕೊಡಬೇಕೆಂದು ಪಟ್ಟು ಹಿಡಿದು ಗೆದ್ದವಳು ಇದೇ ಮೋನಮ್ಮ. ಕೂಲಿಗೆ ನಾಯಿಯ ಹಾಗೆ ಕಚ್ಚಾಡಿದ ಗೌಡರು ಗುಳಿಗೆಗೆ ಮಾತ್ರ ತಟ್ಟನೆ ಹೂಂ ಅಂದರು. ಯಾಕೆ ಅಂದರೆಂದು ಆಗ ಒಬ್ಬರೂ ಕೇಳಲಿಲ್ಲ. ಬೇನೆ ಬಂದ ಮೇಲಂತೂ ಗದ್ದೆಗೆ ಇಳಿಯದ ದಿನವೂ ಆಕೆಗೆ ಗುಳಿಗೆ ಬೇಕಿತ್ತು.

ಸೆರಗಿನ ತುದಿ ಬಿಚ್ಚಿ ಒಂದನ್ನು ತೋರಿಸಿದಳು. ಡಾಕ್ಟರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ಇದು ಸ್ಟೆರಾಯ್ಡ್. ಮಾರಿ ಊದಿದ್ದು, ಚರ್ಮ ತೆಳ್ಳಗಾಗಿದ್ದು ಇದರಿಂದಽ. ಕೇಳ್ರಿಲ್ಲಿ. ನಿಮ್ಮ ರಕ್ತದಾಗ ಟಿ ಕೋಶ ಅಂತ ಇರ್ತಾವ. ಮೈಯಾಗ ಕೆಟ್ಟ ಕೋಶ ಹುಟ್ಟಿದ್ರ ಹುಡುಕಿ ಕೊಲ್ಲೋದು ಅವುಗಳ ಕೆಲಸ. ಕ್ಯಾನ್ಸರ್ ಭಾಳ ದಿನ ಇದ್ರ ಅವು ಬಡದಾಡಿ ಬಡದಾಡಿ ಸೋತುಬಿಡ್ತಾವ. ಸತ್ತಿರಂಗಿಲ್ಲ. ಗಂಟಿನಾಗೇ ಇರ್ತಾವ, ಕೈ ಎತ್ತಂಗಿಲ್ಲ. ಗಂಟೇ ಅವುಗಳ ಕೈ ಕಟ್ಟಿರ್ತದ. ನಮ್ಮ ಸೂಜಿ ಆ ಕಟ್ಟು ಬಿಚ್ತದ. ನಿಮ್ಮ ಗುಳಿಗಿ ಅವನ್ನ ಮತ್ತ ಮಲಗಿಸ್ತದ."

ಮೋನಮ್ಮ ಗುಳಿಗೆಯನ್ನೇ ನೋಡುತ್ತಿದ್ದಳು. "ಅಂದ್ರ, ಧರಣಿ ಕುಂತ ಮಂದಿಗಿ ಸೆರೆ ಕುಡಿಸಿ ಮಲಗಿಸಿದಂಗ."

"ಹಂಗೇ ಅನ್ರಿ."

"ಕುಡಿಸಿದಾಕಿ ನಾನಽ." ಗುಳಿಗೆಯನ್ನು ಮತ್ತೆ ಸೆರಗಿಗೆ ಕಟ್ಟುತ್ತ ಕೇಳಿದಳು: "ಬಿಟ್ರ ಸೂಜಿ ಹತ್ತತದೇನ್ರಿ?"

"ಹತ್ತಬಹುದು, ಹತ್ತದಿರಲೂಬಹುದು. ಬಿಡದಿದ್ರ ಮಾತ್ರ ಕಷ್ಟ. ಆದ್ರ ಒಮ್ಮಿಗಲೇ ಬಿಡಬ್ಯಾಡ್ರಿ, ಜೀವಕ್ಕ ಬರ್ತದ. ನಾ ಹೇಳಿದಂಗ ಸ್ವಲ್ಪ ಸ್ವಲ್ಪ ಇಳಸ್ರಿ."

ಇಳಿಸುತ್ತ ಹೋದ ಹಾಗೆ, ಇಷ್ಟು ವರ್ಷ ಗುಳಿಗೆ ಮುಚ್ಚಿಟ್ಟಿದ್ದ ನೋವೆಲ್ಲ ಒಟ್ಟಿಗೆ ಎದ್ದು ಬಂತು. ಮೊಣಕಾಲು, ಸೊಂಟ, ಬೆರಳಿನ ಗೆಣ್ಣು. ಕೂತರೆ ಸೈರಿಸದು, ನಡೆದರೆ ಉಸಿರಿಲ್ಲ. ಮನೆಯಲ್ಲಿ ಯಾರು ಮಾತಾಡಿಸಿದರೂ ಕಚ್ಚಲು ಹೋದಳು. ಅಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಲ್ಲರಿಗೂ ಒಂದೇ ಸಲ ನಾಟಿಯ ಅವಸರ. ಗದ್ದೆಯ ಯಜಮಾನ ಹಣಮಂತ್ರಾಯ ಗೌಡ ಬಾಗಿಲಿಗೇ ಬಂದ.

"ಮೋನಮ್ಮ, ನೀ ಬರೇ ಬದುವಿನ ಮ್ಯಾಲ ನಿಂದ್ರು. ನೀ ಬರದಿದ್ರ ನಿನ್ನ ಮಂದಿ ಹೆಜ್ಜಿ ಕಿತ್ತಿ ಇಡವಲ್ರು."

ಮನೆಯಲ್ಲಿ ಚಡಪಡಿಸುವುದಕ್ಕಿಂತ ಅದೇ ವಾಸಿ ಎಂದು ಹೋದಳು. ನಿಂತು ನೋಡುವುದಾಗಲಿಲ್ಲ. ಇಳಿದು ನಾಲ್ಕು ಸಸಿ ಹಚ್ಚುವಷ್ಟರಲ್ಲಿ ಸೊಂಟ ಹಿಡಿದು ಕೆಸರಲ್ಲೇ ಕುಸಿದಳು. ಹೆಂಗಸರು ಎತ್ತಿ ಬದುವಿಗೆ ಹಾಕಿದರು. ಚಹಾ ಬಂತು. ಗೌಡ ಪುಡಿಕೆ ಬಿಚ್ಚಿ ಮೊದಲು ಆಕೆಯ ಮುಂದೆಯೇ ಹಿಡಿದ.

"ತಗೋ. ನೀನೇ ಜಗಳಾಡಿ ಇಸಗೊಂಡ ಹಕ್ಕು."

ಮೋನಮ್ಮನ ಕೈ ಅರ್ಧ ಎದ್ದಿತ್ತು. ಲಾಲಮ್ಮ ಕಿವಿಯಲ್ಲಿ ಉಸುರಿದಳು: "ಒಂದೇ ಒಂದು ತಗೋ ಅಕ್ಕಾ. ಡಾಕ್ಟರಮ್ಮಗ ಯಾರು ಹೇಳ್ತಾರ?"

"ಗಂಟಿಗಿ ಗೊತ್ತಾಗ್ತದ ಬೇ." ಎದ್ದ ಕೈಯಲ್ಲಿ ಚಹಾದ ಲೋಟ ಹಿಡಿದಳು. "ಗೌಡ್ರ, ಇದನ್ನ ಮನಿಗಿ ಒಯ್ಯಿರಿ. ಗುಳಿಗಿ ಬದ್ಲಿ ನಮಗ ಮಧ್ಯಾಹ್ನ ಒಂದ್ ಘಳಿಗಿ ಅಡ್ಡಾಗಾಕ ಬಿಡ್ರಿ."

"ಕಾಲುವಿ ನೀರು ನೀವು ಏಳೋತನಾ ಕಾಯ್ತದೇನು?"

"ಇಲ್ಲಂದ್ರ ನೀವೂ ಒಂದು ಸಾಲು ಹಚ್ರಿ."

ಕೆಲವರು ನಕ್ಕರು. ಕೆಲವರು ನಗದೆ ಗುಳಿಗೆ ನುಂಗಿ ಗದ್ದೆಗಿಳಿದರು. ಮೋನಮ್ಮ ಅವರನ್ನು ತಡೆಯಲಿಲ್ಲ. ಅವರ ಸೊಂಟ ಹೇಗಿರುತ್ತದೆಂದು ಆಕೆಗೆ ಗೊತ್ತಿತ್ತು. ದಿಢೀರನೆ ಬಿಡಬೇಡಿರೆಂದು, ಡಾಕ್ಟರನ್ನು ಕೇಳಿರೆಂದು ಕೂಗಿ ಹೇಳಿದಳು. ಆ ಮಧ್ಯಾಹ್ನ ಅರ್ಧ ಗುಂಪು ಬದುವಿನ ಮೇಲೆ ಅಡ್ಡಾಯಿತು. ಗೌಡ ಬೈಯುತ್ತಲೇ ಇದ್ದ.

ಗುಳಿಗೆ ಪೂರ್ತಿ ನಿಂತ ಮೇಲೆ ಎರಡು ಸೂಜಿ ಆದವು. ಮಮ್ತಾಜ ಡಾಕ್ಟರು ಗಂಟನ್ನು ಮತ್ತೆ ಅಳೆದರು, ಇನ್ನೊಮ್ಮೆ ಅಳೆದರು.

"ಬೆಳೆದಿಲ್ಲ."

"ಇಳಿದಾದೇನ್ರಿ?"

"ಇಳಿದಿಲ್ಲ. ನಿಂತಾದ. ಮುಂದ ಏನಾಗ್ತದೋ ಈಗ ಹೇಳಾಕ ಬರಂಗಿಲ್ಲ."

ಮೋನಮ್ಮ ಆಗಲೇ ತೋಳಿನ ಬಟ್ಟೆ ಮೇಲೆ ಸರಿಸಿದ್ದಳು. "ಹಂಗಾದ್ರ ಹಾಕ್ರಿ ಲಗೂನ. ಬಸ್ಸು ಹೋಗ್ತದ."