ಶಂಕ್ರೆವ್ವನ ಲೋಬಾನ
ಮುಂಡರಗಿಯ ಬಾಣಂತಿಯರ ಮನೆಗೆ ಕೂಸುಗಳಿಗೆ ಧೂಪದ ಹೊಗೆ ಹಾಕುವ ಶಂಕ್ರೆವ್ವನಿಗಿಂತ ಮೊದಲು ಅವಳ ಲೋಬಾನದ ವಾಸನೆ ಬರುತ್ತದೆ. ‘ಅರಬಸ್ತಾನದಾಗ ಒಂಟಿ ಏರಿ, ಆಮ್ಯಾಲೆ ಹಡಗ ಹತ್ತಿ ಬಂದ ಅಂಟರಿ ಇದು, ಬಾದಶಾಗೂ ನಿದ್ದಿ ತರತೈತಿ’ ಎನ್ನುತ್ತಾಳೆ, ತುಂಗಭದ್ರೆಯನ್ನೂ ದಾಟದ ಪುಣ್ಯಾತ್ಗಿತ್ತಿ. ಕೂಸು ಅತ್ತರೆ ಒಂದು ಚಿಟಿಕೆ, ಅತ್ತೆ ಸಿಡುಕಿದರೆ ಇನ್ನೊಂದು. ಕೆಂಡ ಮಾತ್ರ ಆ ಮನೆಯ ಒಲೆಯದೇ ಆಗಬೇಕು. ‘ಮಂದಿ ಕೆಂಡಕ್ಕ ನಿಮ್ಮ ಕೂಸು ಮಕ್ಕೊಳ್ಳಂಗಿಲ್ಲ’ ಎಂಬುದು ಅವಳ ಹಟ. ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ನಿಜಾಮನ ಸೀಮೆಯಿಂದ ಓಡಿಬಂದವರ ಶಿಬಿರಕ್ಕೂ ಹೋದಳು. ಅಲ್ಲೊಂದು ಕೂಸು ಚೀರುತ್ತಿತ್ತು. ‘ಯವ್ವಾ, ನಮಗ ಒಲಿನ ಇಲ್ಲ’ ಎಂದಳು ತಾಯಿ. ಶಂಕ್ರೆವ್ವ ಲೋಬಾನದ ಗಂಟು ಬದಿಗಿಟ್ಟು, ಮೂರು ಕಲ್ಲು ಹೂಡಿ, ಗಂಜಿ ಕಾಯಿಸಿ ಅವಳಿಗೆ ಕುಡಿಸಿದಳು. ಆಮೇಲೆ ಧೂಪದ ಬಟ್ಟಲು ಮುಂದೆ ಹಿಡಿದು, ‘ಈಗ ನಿನ್ನ ಒಲಿ ಕೆಂಡ ಕೊಡವ್ವಾ’ ಎಂದಳು.