ಹುಲಿಗೆ ಕೊಟ್ಟ ಉಸಿರು

ನರಗುಂದದ ಆ ಗಾದಿ ಅಂಗಡಿಯ ಮುಂದೆ ಒಂದು ಹಾಸುಗಲ್ಲಿತ್ತು. ಅದರ ಮೇಲೆ ಹುಲಿ-ಕುರಿ ಆಟದ ಗೆರೆಗಳಿದ್ದವು. ಉಳಿಯಿಂದ ಕೊರೆದದ್ದೋ, ಆಡುವವರೇ ಕಲ್ಲಿನಿಂದ ಗೀಚಿ ಗೀಚಿ ಆಳ ಮಾಡಿದ್ದೋ, ಈಗ ಹೇಳಲಾರೆ. ಆಡುವಾಗ ಒಳಗೆ ಹತ್ತಿ ಹಿಂಜುವ ಯಂತ್ರದ ಸದ್ದು ಕೇಳುತ್ತಿತ್ತೆಂದು ನೆನಪು. ಆದರೆ ಅಂಗಡಿಯವರು ಯಂತ್ರ ನಿಲ್ಲಿಸಿದ ಮೇಲೆಯೇ ಆಟಕ್ಕೆ ಕೂರುತ್ತಿದ್ದರು. ಹಾಗಾದರೆ ಆ ಸದ್ದು ಎಲ್ಲಿಂದ ಬಂತು? ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ನಂಬಿ ಒಮ್ಮೆ ಪೆಟ್ಟು ತಿಂದಿದ್ದೇನೆ. ತಿಂದದ್ದು ನಾನೊಬ್ಬನೇ ಆಗಿದ್ದರೆ ಇಷ್ಟು ದಿನ ಅದನ್ನು ನೆನೆಯುತ್ತಿರಲಿಲ್ಲ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಗಜೇಂದ್ರಗಡದ ನಾನು ಆಗ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಮತ್ತು ಮೊಬೈಲ್ ಆಟಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ಊರಿಗೆ ಹೋದಾಗ ಓಣಿಯವರು, "ಮಂದಿ ಮಕ್ಕಳು ಆಟಾ ಬಿಟ್ಟು ಓದತಾರ, ಇಂವ ಆಟಾ ಆಡಾಕಂತನ ಓದಾಕ ಹೋಗ್ಯಾನ" ಎನ್ನುತ್ತಿದ್ದರು. ಪರದೆಯ ಆಟಗಳನ್ನು ಕಟ್ಟೆಯ ಆಟಗಳ ಜೊತೆಗಿಟ್ಟು ನೋಡು ಎಂದು ನನ್ನ ಮಾರ್ಗದರ್ಶಕರು ಹೇಳಿದ್ದರು. ಅದಕ್ಕೇ ಹೆಗಲಿಗೆ ಚೀಲ ಹಾಕಿಕೊಂಡು ನರಗುಂದದಲ್ಲಿ ಬಸ್ಸಿಳಿದೆ.

ಅಂಗಡಿಯವರು ಅರವತ್ತು ದಾಟಿದ ಮುಸಲ್ಮಾನರು. ಗಡ್ಡ ಬಿಳಿಯಾದದ್ದು ವಯಸ್ಸಿನಿಂದೆಷ್ಟು, ಹತ್ತಿಯ ಧೂಳಿನಿಂದೆಷ್ಟು ಎಂದು ತಿಳಿಯುತ್ತಿರಲಿಲ್ಲ. ನನಗೆ ಮೂರು ಹುಲಿ ಕೊಟ್ಟು ತಾವು ಹದಿನೈದು ಕುರಿ ಇಟ್ಟುಕೊಂಡರು. ಹುಲಿ ಕುರಿಯ ಮೇಲೆ ಹಾರಿ ಅದನ್ನು ತಿನ್ನಬೇಕು. ಕುರಿಗಳು ಸುತ್ತುಗಟ್ಟಿ ಹುಲಿ ಅಲುಗದಂತೆ ಮಾಡಬೇಕು. ಸ್ವಲ್ಪ ಹೊತ್ತಿಗೇ ನನ್ನ ಮೂರೂ ಹುಲಿಗಳಿಗೆ ದಾರಿ ಮುಚ್ಚಿತು. ನಾನು ಕೈ ಕಟ್ಟಿ ಕೂತೆ. ಅವರು ಗೆದ್ದೆ ಎನ್ನಲಿಲ್ಲ. ತಮ್ಮ ಎರಡು ಕುರಿಗಳನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, "ಹುಲಿಗೆ ಜರಾ ಉಸಿರು ಕೊಡೂನ್ರಿ. ನಡಸ್ರಿ" ಎಂದರು. ಆಮೇಲೂ ಹುಲಿ ಸಿಕ್ಕಿಬಿದ್ದಾಗಲೆಲ್ಲ ಹಾಗೆಯೇ ಮಾಡಿದರು. ಕೊನೆಗೆ ಗೆದ್ದವನು ನಾನೇ.

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: "ನಿಯಮ: ಹುಲಿ ಕಟ್ಟಾದರೆ ಎರಡು ಕುರಿ ಹೊರಗೆ. ಹೆಸರು: ಉಸಿರು." ಆ ಒಂದು ಸಾಲಿನ ಮೇಲೆ ಇಡೀ ಅಧ್ಯಾಯವನ್ನೇ ಕಟ್ಟಿದೆ. ಸೋಲನ್ನೇ ಒಪ್ಪದ ಆಟ, ಕಟ್ಟಿದರೂ ಮುಗಿಯದ ಆಟ ಎಂದೆಲ್ಲ ಬರೆದೆ. ಹುಬ್ಬಳ್ಳಿಯ ಒಂದು ವಿಚಾರಸಂಕಿರಣದಲ್ಲಿ ಅದನ್ನು ಓದಿದಾಗ ಚಪ್ಪಾಳೆಯೂ ಬಿತ್ತು.

ಅಂದು ಕೇಳಲು ಬಂದವರಲ್ಲಿ ನರಗುಂದದ ಪಕ್ಕದ ಕೊಣ್ಣೂರಿನ ಒಬ್ಬ ಹೆಣ್ಣುಮಗಳಿದ್ದಳು. ಹುಬ್ಬಳ್ಳಿಯ ಚಿಕ್ಕ ಕಂಪನಿಯೊಂದರಲ್ಲಿ ಮೊಬೈಲ್ ಪರದೆಗೆ ಹಬ್ಬದ ಶುಭಾಶಯದ ಚಿತ್ರ ಮಾಡುತ್ತಿದ್ದಳು. ಮಾಲೀಕರನ್ನು ಕಾಡಿ ಬೇಡಿ ಒಂದು ಆಟ ಮಾಡಲು ಒಪ್ಪಿಗೆ ಪಡೆದಿದ್ದಳು. ನನ್ನ ಪ್ರಬಂಧದ ಪ್ರತಿ ಕೇಳಿದಳು, ಕೊಟ್ಟೆ. ನಮ್ಮ ವಿಭಾಗದಲ್ಲಿ ಬರೆದದ್ದನ್ನು ಹೊರಗಿನವರು ಕೇಳಿ ಪಡೆದದ್ದು ಅದೇ ಮೊದಲಿರಬೇಕು. ಹಿಗ್ಗಿದೆ.

ಕೆಲವು ತಿಂಗಳ ಮೇಲೆ ಅವಳ ಫೋನು ಬಂತು. "ಸರ್ರ, ಆಟದಾಗ ಹುಲಿ ಸೋಲವಲ್ದು."

"ಅಂದ್ರ?"

"ನಾವು ಹುಲಿ, ಫೋನು ಕುರಿ. ಫೋನು ಹುಲೀನ್ನ ಕಟ್ಟಿದ ಕೂಡ್ಲೆ ತನ್ನ ಎರಡ ಕುರಿ ತಾನ ತಗೀತೈತಿ. ಅದು ಗೆಲ್ಲೂದು ಹ್ಯಾಂಗ್ರಿ? ಸೋಲೂದ ಇಲ್ಲದ ಆಟಾ ಯಾರು ಎರಡನೇ ಸಲ ಆಡತಾರ ಅಂತ ಮಾಲಕರು ಕೇಳಾಕತ್ಯಾರ."

ಆಟವನ್ನು ಕೊಳ್ಳುವ ಮೊಬೈಲ್ ಸೇವೆಯವರು ಮುಂದಿನ ಸೋಮವಾರ ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಕಂಪನಿ ಆಟಗಳನ್ನೇ ಕೈಬಿಡುತ್ತದೆ, ಅವಳು ಮತ್ತೆ ಹಬ್ಬದ ಚಿತ್ರಕ್ಕೆ ಮರಳಬೇಕು. ಅದನ್ನು ಅಳುವ ದನಿಯಲ್ಲೇನೂ ಹೇಳಲಿಲ್ಲ. "ಗಣಪತಿ ಸೊಂಡಿಲಿಗೆ ಬಣ್ಣಾ ತುಂಬಿ ತುಂಬಿ ಸಾಕಾಗೇತ್ರಿ" ಎಂದಳು, ಅಷ್ಟೇ.

"ನಿಮ್ಮೂರಾಗ ನೀವು ಹಿಂಗ ಆಡತಿದ್ರೇನು?" ಎಂದು ಕೇಳಿದೆ.

"ಇಲ್ರಿ. ಕಟ್ಟಿದ್ರ ಮುಗೀತು. ಆದ್ರ ನಿಮ್ಮ ಪ್ರಬಂಧದಾಗ ಐತೆಲ್ಲ, ನಮ್ಮದ ತಪ್ಪಿರಬೇಕು ಅಂತ ಸುಮ್ಮನಾದ್ನಿ."

ಆ ಸಂಜೆ ನೋಟ್‌ಬುಕ್ ತೆಗೆದು ನೋಡಿದೆ. ಅಂಗಡಿಯವರು ಬೇರೆಯವರ ಜೊತೆ ಆಡುವಾಗಲೂ ಕುರಿ ಎತ್ತಿದ್ದನ್ನು ಕಂಡಿದ್ದೇನೆಂದು ನಾನು ಪ್ರಮಾಣ ಮಾಡಿ ಹೇಳುತ್ತಿದ್ದೆ. ಎದುರಿಗೆ ಕೂತವನ ಮುಖವೂ ಮಸುಕಾಗಿ ನೆನಪಿತ್ತು. ಪುಸ್ತಕದಲ್ಲಿ ಮಾತ್ರ ಇದ್ದದ್ದು ಒಂದೇ ಆಟ. ಅದು ನನ್ನದು. ಆ ಮುಖವನ್ನು ಅಧ್ಯಾಯ ಬರೆಯುತ್ತ ಬರೆಯುತ್ತ ನಾನೇ ಹುಟ್ಟಿಸಿಕೊಂಡಿದ್ದೆನೇನೋ.

ಮರುದಿನ ನಾನೂ ಆ ಹೆಣ್ಣುಮಗಳೂ ನರಗುಂದದ ಬಸ್ಸು ಹತ್ತಿದೆವು. ಅಂಗಡಿಯವರು ಗಾದಿಯೊಂದಕ್ಕೆ ಹೊಲಿಗೆ ಹಾಕುತ್ತಿದ್ದರು. ನಾನು ಉಸಿರಿನ ನಿಯಮದ ಬಗ್ಗೆ ಕೇಳಿದೆ. ದಬ್ಬಣ ಹಿಡಿದ ಕೈ ಹಾಗೇ ನಿಂತಿತು.

"ಅದು ನಿಯಮ ಅಂತ ಯಾರು ಹೇಳಿದ್ರ ನಿಮಗ?"

"ನೀವ ಮಾಡಿದ್ರೆಲ್ಲ."

"ನೀವು ಬಂದವ್ರು. ಬಂದವ್ರನ್ನ ಮೊದಲನೇ ಆಟದಾಗ ಸೋಲಸಿ ಕಳಿಸ್ತಾರೇನ್ರಿ? ಚಾ ಕುಡಿಸಿ ಕಪಾಳಕ್ಕ ಹೊಡದಂಗ ಆಗತೈತಿ."

"ನಾನೇನು ದೂರದವನೇನ್ರಿ? ಗಜೇಂದ್ರಗಡದವ."

"ಊರು ಯಾವುದರ ಇರಲಿ. ಯುನಿವರ್ಸಿಟಿ ಚೀಲಾ ಹಾಕ್ಕೊಂಡ ಬಂದಿದ್ರಿ. ಬರಕೋತ ಬ್ಯಾರೆ ಕುಂತಿದ್ರಿ. ಬರಿಯಾವ್ರನ್ನ ಹ್ಯಾಂಗ ಸೋಲಸೂದು?"

ಅವಳು ಮುಖ ಆಚೆ ತಿರುಗಿಸಿ ನಗು ತಡೆದಳು. ನನಗೆ ನಗಲಾಗಲಿಲ್ಲ. ಒಬ್ಬ ಮನುಷ್ಯನ ಮರ್ಯಾದೆಯನ್ನು ನಾನು ಆಟದ ನಿಯಮವೆಂದು ಬರೆದಿದ್ದೆ, ಇವಳು ಅದನ್ನು ನಂಬಿ ಯಂತ್ರಕ್ಕೆ ಹೇಳಿಕೊಟ್ಟಿದ್ದಳು.

"ಕಾಕಾರ, ನನ್ನ ಜೋಡಿ ಒಂದಾಟ ಆಡ್ರಿ" ಎಂದಳು.

"ಯಾವೂರವ್ವಾ ನಿಂದು?"

"ಕೊಣ್ಣೂರ್ರಿ."

"ಹಂಗಾರ ಮನಿ ಮಗಳ ಬಿಡು" ಎಂದು ಹಾಸುಗಲ್ಲಿಗೆ ಬಂದು ಕೂತರು. ಅವಳ ಮೂರು ಹುಲಿಗಳನ್ನೂ ಕಟ್ಟಿಹಾಕಿ ಕುರಿಗಳನ್ನು ಗುಡಿಸಿ ಮುಷ್ಟಿಯಲ್ಲಿ ತುಂಬಿಕೊಂಡರು. ಉಸಿರೂ ಇಲ್ಲ, ಏನೂ ಇಲ್ಲ. ಅವಳು ಸೋತ ಸಂತೋಷ ನೋಡುವ ಹಾಗಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು, "ಆ ನಿಯಮ ತಗದಬಿಡ್ರಿ. ತಪ್ಪು ನಂದು ಅಂತ ನಿಮ್ಮ ಮಾಲಕರಿಗೆ ಬರದಕೊಡತೀನಿ" ಎಂದೆ. ಅವಳು ತಲೆ ಅಲ್ಲಾಡಿಸಿದಳು. "ಪೂರಾ ತಗಿಯಾಂಗಿಲ್ರಿ. ಮೊದಲನೇ ಆಟಕ್ಕಷ್ಟ ಇಡತೀನಿ. ಹೊಸದಾಗಿ ಆಟಾ ತಗದವ್ರು ಫೋನಿಗೆ ಬಂದವ್ರ ಇದ್ದಂಗ. ಎರಡನೇ ಆಟದಿಂದ ಮನಿಯವ್ರು."

"ಹಂಗಂತ ಪರದೆ ಮ್ಯಾಲೆ ಬರೀತೀರೇನು?"

"ಕಾಕಾ ನಿಮಗ ಹೇಳಿದ್ರೇನು?"

ಸೋಮವಾರ ನಾನೂ ಹೋಗಿದ್ದೆ. ಬಂದ ಇಬ್ಬರಲ್ಲಿ ಹಿರಿಯವರು ಕೀಲಿಗಳನ್ನು ಒತ್ತುತ್ತ ಮೊದಲ ಆಟ ಗೆದ್ದು, "ಸರಳ ಐತಿ" ಎಂದು ಮುಖ ಸೊಟ್ಟಗೆ ಮಾಡಿದರು. ಮಾಲೀಕರು ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ಎರಡನೆಯದರಲ್ಲಿ ಆ ಹಿರಿಯರ ಹುಲಿಗಳು ಕಟ್ಟಾದವು. ಮೂರನೆಯದರಲ್ಲೂ ಕಟ್ಟಾದವು. ಚಹಾ ತಂದಿಟ್ಟರೂ ಕೈಗೆ ಬಿಡುವಿರಲಿಲ್ಲ. ಕೊನೆಗೆ ಜೊತೆಯಲ್ಲಿ ಬಂದವರೇ ಫೋನು ಇಸಿದುಕೊಳ್ಳಬೇಕಾಯಿತು. ಆಟವನ್ನು ಒಪ್ಪಿಕೊಂಡು ಹೋದರು. ಅವಳು ಆ ದಿನವೇ ಇನ್ನೊಂದು ಹೊಸ ಆಟದ ಗೆರೆಗಳನ್ನು ಕಾಗದದ ಮೇಲೆ ಎಳೆಯಲು ಕೂತಳು.

ನಾನು ನನ್ನ ಅಧ್ಯಾಯವನ್ನು ಹರಿದು ಮತ್ತೆ ಬರೆದೆ. ಈ ಸಲದ್ದು ಮೊದಲಿನದಕ್ಕಿಂತ ಗಿಡ್ಡ. ನಾನು ಕಂಡದ್ದು ಒಂದೇ ಆಟ, ಆಡಿದವನು ನಾನೇ ಎಂಬ ಮಾತಿನಿಂದ ಅದು ಶುರುವಾಗುತ್ತದೆ.

ಆಮೇಲೆ ಫೋನು ತೆಗೆದುಕೊಂಡು ನರಗುಂದಕ್ಕೆ ಹೋದೆ. ಅಂಗಡಿಯವರು ಮೊದಲ ಆಟ ಆಡಿ ಗೆದ್ದರು. ಫೋನು ತನ್ನ ಕುರಿಗಳನ್ನು ಎತ್ತಿದ್ದು ಅವರ ಕಣ್ಣಿಗೆ ಬೀಳದೆ ಇರಲಿಲ್ಲ. ಫೋನನ್ನು ನನ್ನ ಕೈಗಿಟ್ಟು, "ಚಲೋ ಕಲಿಸೀರಿ. ಆದ್ರ ನನ್ನ ಬ್ಯಾರೆಯವ್ರಂಗ ಯಾಕ ನೋಡತೈತಿ ಇದು?" ಎಂದರು. ಕಲಿಸಿದವನು ನಾನಲ್ಲ, ಕೊಣ್ಣೂರಿನವಳು ಎಂದೆ. ತಲೆಯಾಡಿಸಿ ಹಾಸುಗಲ್ಲಿನ ಕಡೆ ಕೈ ತೋರಿಸಿದರು.

ನನ್ನ ಮೂರು ಹುಲಿಗಳು ಕಟ್ಟಾಗುವವರೆಗೆ ಚಹಾ ಕೂಡ ಬಂದಿರಲಿಲ್ಲ. ನಾನು ಅಭ್ಯಾಸದಿಂದ ಅವರ ಕೈಯನ್ನೇ ನೋಡುತ್ತಿದ್ದೆ. ಒಂದು ಕುರಿಯೂ ಅಲುಗಲಿಲ್ಲ.

"ಏಳ್ರಿ," ಎಂದರು, "ಆ ಗಾದಿ ಒಂದು ತುದಿ ಹಿಡೀರಿ. ಒಳಗ ಇಡೂನು."