ಬನ್ನಿ, ಆಪಟಾ ಮತ್ತು ಅವ್ವನ ತವರು

ಒಣಗಿದ ಆಪಟಾ ಎಲೆಯನ್ನು ನಡುವಿನ ಗೆರೆಗೆ ಮಡಚಿದರೆ ಚಟ್ ಎಂದು ಸಣ್ಣ ಸದ್ದಾಗುತ್ತದೆ. ಮೊನ್ನೆ ಬೀದರದ ಜನವಾಡ ರಸ್ತೆಯ ನರ್ಸರಿಯಲ್ಲಿ ಆ ಸದ್ದು ನನ್ನ ಬೆರಳಲ್ಲೇ ಆಯಿತು, ನಾನು ಹಾಗೇ ನಿಂತುಬಿಟ್ಟೆ. ಮೈಲೂರಿನ ನಮ್ಮ ಹೊಸ ಮನೆಯ ಮುಂದೆ ಒಂದು ಗಿಡ ಹಾಕಬೇಕು, ಅದು ನೀರು ಹೆಚ್ಚು ಕೇಳಬಾರದು, ಬೇಸಿಗೆಗೆ ಜಗ್ಗಬಾರದು, ಸರಸರ ಬೆಳೆದು ಗೋಡೆ ಸೀಳಬಾರದು ಎಂದು ಸೊಸೆ ನನ್ನನ್ನು ಕರೆದೊಯ್ದಿದ್ದಳು. ಮಾಲಿ ಎರಡು ಸಸಿ ತಂದಿಟ್ಟ, ಒಂದು ಬನ್ನಿ, ಇನ್ನೊಂದು ಆಪಟಾ. "ಎರಡೂ ಭಾಳ ನಿಧಾನ ಬೆಳಿತಾವ್ರಿ ಅಮ್ಮಾರ. ಯಾವುದು ಕೊಡ್ಲಿ?" ಅಂದ. ಒಂದಕ್ಕೆ ಬಂದವಳು ಎರಡನ್ನೂ ಎತ್ತಿಸಿದೆ. ಸೊಸೆ ಕಣ್ಣರಳಿಸಿದಳು. ಪಾಪ, ಅವಳಿಗೇನು ಗೊತ್ತು, ಈ ಎರಡು ಗಿಡಗಳ ಜಗಳದಲ್ಲೇ ನಾನು ಬೆಳೆದವಳೆಂದು!

ನಮ್ಮ ಭಾಲ್ಕಿಯ ಮನೆಯ ಹಿತ್ತಲಲ್ಲಿ ಬಾವಿಯ ಆ ಕಡೆ ಬನ್ನಿ, ಈ ಕಡೆ ಆಪಟಾ. ಬನ್ನಿ ನಮ್ಮ ಅಪ್ಪನ ತಾಯಿ, ಆಯಿಯದು. ಆಪಟಾ ಅವ್ವನದು. ಔರಾದದ ಮರಾಠಿ ಮನೆಯಿಂದ ಮದುವೆಯಾಗಿ ಬರುವಾಗ ಅವ್ವ ಅದರ ಬೀಜವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದಿದ್ದಳಂತೆ. ಆಯಿ ಅದನ್ನು ಒಂದು ದಿನವೂ ಮುಟ್ಟಿದವಳಲ್ಲ. "ಏನ್ ಗಿಡನವಾ ಅದು? ಸೊಟ್ಟ ಸೊಂಟ, ಬೀಡಿ ಎಲಿ! ಬ್ಯಾಸಗಿ ಬಂತಂದ್ರ ಬತ್ತಲೆ ನಿಂದರ್ತದ. ನಮ್ಮ ಬನ್ನಿ ನೋಡು, ರಣಬಿಸಿಲಾಗೂ ಹಸರ ಚಿಗುರ ಬಿಡ್ತದ" ಎನ್ನುವಳು. ಅವ್ವ ಪಾತ್ರೆ ತಿಕ್ಕುತ್ತಲೇ, "ಮುಳ್ಳಿನ ಗಿಡದ ಬುಡಕ್ಕ ಒಂದು ಗಳಿಗಿ ಕೂಡ್ಲಿಕ್ಕರೆ ಆಗ್ತದೇನ್ರಿ ಅತ್ತಿ?" ಎಂದು ಕೇಳುವಳು. ಯುಗಾದಿಗೊಮ್ಮೆ ಆಯಿ ಒನಕೆ ತಂದು ಎರಡರ ಎತ್ತರವನ್ನೂ ಅಳೆಯುತ್ತಿದ್ದಳು. ಎರಡೂ ಎಂಥ ಸೋಮಾರಿಗಳೆಂದರೆ ಯಾವುದು ಗೆದ್ದಿತೆಂದು ಹೇಳುವ ಹಾಗೇ ಇರಲಿಲ್ಲ. ಆಪಟಾದ ನೆರಳು ಮಾತ್ರ ಚೆನ್ನಾಗಿತ್ತು. ಅದರ ಜೋಲು ಟೊಂಗೆಗಳ ಕೆಳಗೆ ಮಧ್ಯಾಹ್ನ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ, ಅವಳ ಸೀರೆಯಿಂದ ಪುಂಡಿಪಲ್ಯದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಆ ನಿದ್ದೆ ನನಗೆ ಆಮೇಲೆ ಎಲ್ಲೂ ಸಿಕ್ಕಿಲ್ಲ.

ವರ್ಷಕ್ಕೆ ಒಂದು ದಿನ ಮಾತ್ರ ಎರಡೂ ಗಿಡಗಳಿಗೆ ಸರಿಸಮ ಮರ್ಯಾದೆ. ದಸರೆಯ ಸಂಜೆ ನಮ್ಮ ಕಡೆ ಬನ್ನಿ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎನ್ನುತ್ತೇವೆ. ಅವ್ವನ ತವರಿನಲ್ಲಿ ಆಪಟಾ ಎಲೆ ಕೊಟ್ಟು "ಸೋನಂ ಘ್ಯಾ", ಬಂಗಾರ ತಗೊಳ್ರಿ, ಎನ್ನುತ್ತಾರೆ. ಎರಡೂ ಬಂಗಾರವೇ. ಅವ್ವನಿಗೆ ತಂದೆ ತಾಯಿ ಇರಲಿಲ್ಲ, ತವರು ಅಂದರೆ ಔರಾದದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅಣ್ಣ ಒಬ್ಬನೇ. ಆ ನಮ್ಮ ಮಾಮಾ ಪ್ರತಿ ದಸರೆಗೂ ಟವೆಲ್ಲಿನ ತುಂಬ ಆಪಟಾ ಎಲೆ ಕಟ್ಟಿಕೊಂಡು ಬಸ್ಸಿಳಿಯುತ್ತಿದ್ದ. ಅವನ ದನಿ ಓಣಿಯ ತುದಿಯಲ್ಲಿ ಕೇಳಿದರೆ ಸಾಕು, ಅವ್ವನ ನಡಿಗೆಯೇ ಬದಲಾಗುತ್ತಿತ್ತು.

ಭಾಷೆಯ ಮೇಲೆ ರಾಜ್ಯ ಹಂಚಿ ನಾವು ಮೈಸೂರು ರಾಜ್ಯಕ್ಕೆ ಸೇರುವ ವರ್ಷ ಅದೆಲ್ಲ ಕೆಟ್ಟಿತು. ಯಾವ ತಾಲ್ಲೂಕು ಯಾವ ಕಡೆ ಎಂಬುದೊಂದೇ ಮಾತು, ಚಹಾದ ಅಂಗಡಿಯಲ್ಲೂ ಅದೇ, ಕ್ಷೌರದ ಕಟ್ಟೆಯಲ್ಲೂ ಅದೇ. ಅಪ್ಪ ಸಾಲಿ ಮಾಸ್ತರ. ಉರ್ದುವಿನಲ್ಲಿ ಓದಿ, ದೊಡ್ಡವನಾದ ಮೇಲೆ ತಾನೇ ಕೂತು ಕನ್ನಡ ಅಕ್ಷರ ತಿದ್ದಿದವನು. ಅವನಿಗೆ ಮೈಸೂರೇ ಆಗಬೇಕು. ಮಾಮಾನಿಗೆ ಔರಾದ, ಭಾಲ್ಕಿ ಎರಡೂ ಮರಾಠಿಯವರ ಕಡೆ ಹೋಗಬೇಕು. ಆಷಾಢದಲ್ಲಿ ಒಮ್ಮೆ ಮಾಮಾ ಊಟಕ್ಕೆ ಕೂತಿದ್ದಾಗ ಮಾತಿಗೆ ಮಾತು ಬೆಳೆಯಿತು. ಅವ್ವ ಒಲೆಯ ಮುಂದಿನಿಂದಲೇ "ಸಾಕು ಬಿಡ್ರಿ, ಸಾಕು ಬಿಡ್ರಿ" ಎನ್ನುತ್ತಿದ್ದಳು. ಅಪ್ಪ ಕೇಳಲಿಲ್ಲ. "ನಮ್ಮ ರೊಟ್ಟಿ ತಿನ್ಕೋತ ಕುಂತು ಉಂಡ ಮನಿ ಜಂತಿ ಎಣಸ್ತೀರೇನು?" ಅಂದುಬಿಟ್ಟ. ಮಾಮಾನ ಕೈ ತಾಟಿನಲ್ಲೇ ನಿಂತಿತು. ಅರ್ಧ ರೊಟ್ಟಿ ಹಾಗೇ ಬಿಟ್ಟು ಎದ್ದ, ಕೈ ತೊಳೆದ, ಚಪ್ಪಲಿ ಮೆಟ್ಟಿದ. ಅವ್ವ ಬಾಗಿಲ ತನಕ ಓಡಿದಳು. ಅವನು ತಿರುಗಿ ನೋಡಲಿಲ್ಲ.

ನಾಗರ ಪಂಚಮಿಗೆ ಅವ್ವನನ್ನು ಕರೆಯಲು ಯಾರೂ ಬರಲಿಲ್ಲ. ದಸರೆಗಾದರೂ ಬಂದಾನು ಎಂದು ಅವ್ವ ಹೋಳಿಗೆ ಮಾಡಿಟ್ಟು, ಬಸ್ಸಿನ ಹಾರ್ನ್ ಕೇಳಿದಾಗೊಮ್ಮೆ ಹೊರಗೆ ಬಂದು ನಿಂತಳು. ಕಡೆಯ ಬಸ್ಸೂ ಬಂದು ಹೋಯಿತು. ಅವ್ವ ಅಳಲಿಲ್ಲ. ಹಿತ್ತಲಿಗೆ ಹೋಗಿ ಆಪಟಾದ ಕಾಂಡಕ್ಕೆ ಬೆನ್ನು ಕೊಟ್ಟು ಕೂತಳು. ಇನ್ನು ಅವ್ವನಿಗೆ ಹೋಗಲು ಒಂದು ಊರಿಲ್ಲ, ಬರಲು ಒಬ್ಬ ಮನುಷ್ಯನಿಲ್ಲ ಎಂಬುದು ಅಷ್ಟು ಸಣ್ಣವಳಾದ ನನಗೂ ತಿಳಿದಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಆಯಿ ಆಪಟಾ ಎಲೆ ಕೀಳುತ್ತಿದ್ದಾಳೆ! ಅಪ್ಪ ಹಲ್ಲುಜ್ಜುತ್ತಿದ್ದವನು ಹಾಗೇ ನಿಂತ. "ಎಲ್ಲಿಗಿ ಹೊಂಟಿ?" ಅಂದ. "ಔರಾದಕ್ಕ." "ಗಂಡಿನ ಕಡಿಯೋರು ನಾವು. ನಾವಾಗೇ ಅವರ ಬಾಗಲಕ್ಕ ಹೋಗೋದೇನು? ಊರು ನಗ್ತದ." ಆಯಿ ಎಲೆ ಕೀಳುವುದನ್ನು ನಿಲ್ಲಿಸಲಿಲ್ಲ. "ನಗ್ಲಿ. ಉಣ್ಣೋರ ಮುಂದ ರೊಟ್ಟಿ ಮಾತು ಆಡಿದಿ. ಆಡಿದಾಂವ ನೀ, ಹೆಸರು ಹೋಗಿದ್ದು ನನ್ನ ಒಲಿದು." ಅಪ್ಪ ಬಾಯಿ ಮುಕ್ಕಳಿಸಿ ಒಳಗೆ ಹೋದ.

ಬಸ್ಸಿನಲ್ಲಿ ನಾನು ಆಯಿಯ ಮಗ್ಗುಲಲ್ಲಿ. ಅವಳ ಮಡಿಲಲ್ಲಿ ಎಲೆಯ ಗಂಟು, ಇನ್ನೊಂದು ಬುತ್ತಿಯ ಗಂಟು. ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದಳು. ಜಪವೇನೋ ಎಂದುಕೊಂಡೆ. ಔರಾದದಲ್ಲಿ ಮಾಮಾ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದ. ನಮ್ಮನ್ನು ಕಂಡು ತಕ್ಕಡಿ ಕೆಳಗಿಟ್ಟ. ಆಯಿ ಮೆಟ್ಟಿಲ ಕೆಳಗೇ ನಿಂತು ಎಲೆ ಚಾಚಿ, ಜೀವಮಾನದಲ್ಲಿ ಒಂದು ಮರಾಠಿ ಶಬ್ದ ಆಡದವಳು, "ಸೋನಂ ಘ್ಯಾ" ಅಂದಳು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡದ್ದು ಅದನ್ನೇ! ಮಾಮಾ ಓಡಿಬಂದು ಅವಳ ಕಾಲು ಹಿಡಿದ. "ಹಿರಿಯರು ನೀವು ಯಾಕ ಬರ್ಲಿಕ್ಕ ಹೋದ್ರಿ? ನಂಗ ಪಾಪ ಹಚ್ಚಿದ್ರಲ್ಲರಿ!" ಆಯಿ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ. "ನಮ್ಮ ಮನ್ಯಾಗ ಅರ್ಧಾ ಉಂಡು ಎದ್ದಿದಿ ತಮ್ಮಾ. ಉಳದಿದ್ದು ತಂದೀನಿ. ಉಣ್ಣು." ಮಾಮಾ ಅಂಗಡಿಯ ಗೋಣಿಚೀಲದ ಮೇಲೆ ಕೂತು ಉಂಡ. ಉಣ್ಣುತ್ತ ಅತ್ತ, ಗಂಡಸು ಹಾಗೆ ಅಳುವುದನ್ನು ನಾನು ಮೊದಲು ನೋಡಿದ್ದು ಅಲ್ಲೇ. ಆಯಿ ಎದುರಿಗೆ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದಳು.

ಮುಂದೆ ಕೆಲವೇ ದಿನಗಳಲ್ಲಿ ನಾವು ಮೈಸೂರಿನವರಾದೆವು. ಸಾಲಿಯಲ್ಲಿ ಪೇಢೆ ಹಂಚಿದರು, ಅಪ್ಪ ಹೊಸ ಟೊಪ್ಪಿಗೆ ಹಾಕಿಕೊಂಡ. ದೀಪಾವಳಿಗೆ ಮಾಮಾ ಬಂದ. ಇಬ್ಬರೂ ಮತ್ತೆ ಅದೇ ವಿಷಯಕ್ಕೆ ಗಂಟಲು ಹರಿದುಕೊಂಡು ಜಗಳಾಡಿದರು. ಆದರೆ ಉಂಡು, ಕೈ ತೊಳೆದು, ಎಲೆಯಡಿಕೆ ಹಾಕಿಕೊಂಡ ಮೇಲೆ. ಅದು ಅವರ ಹೊಸ ಕಾನೂನಾಯಿತು, ಸಾಯುವ ತನಕ ಮುರಿಯಲಿಲ್ಲ. ಆಯಿ ಆಮೇಲೂ ಆಪಟಾವನ್ನು ಬೈಯುತ್ತಲೇ ಇದ್ದಳು, ಬೈಯುತ್ತ ಬೈಯುತ್ತ ಅದರ ಬುಡಕ್ಕೂ ಒಂದು ಕೊಡ ನೀರು ಸುರಿಯುತ್ತಿದ್ದಳು.

ಆಯಿ ಹೋದಳು. ಭಾಲ್ಕಿಯ ಮನೆ ಬೇರೆಯವರದಾಯಿತು. ದೇವರ ಗಿಡವೆಂದು ಬನ್ನಿಯನ್ನು ಉಳಿಸಿಕೊಂಡಿದ್ದಾರೆ, ಆಪಟಾವನ್ನು ಕಡಿದು ಅಲ್ಲಿ ಗಾಡಿ ನಿಲ್ಲಿಸುತ್ತಾರೆ. ಬಾವಿಯೂ ಇಲ್ಲ. ಆ ಓಣಿಗೆ ಹೋದರೆ ನನ್ನನ್ನು ಗುರುತು ಹಿಡಿಯುವವರು ಒಬ್ಬರೂ ಇಲ್ಲ. ನಿಮ್ಮ ಊರಲ್ಲೂ ಅಂಥದ್ದೊಂದು ಓಣಿ ಇದ್ದೀತು.

ಅವ್ವ ಮುತ್ತೈದೆಯಾಗಿ ತೀರಿದ್ದು ಬೀದರದಲ್ಲಿ, ನಾನು ಬಾಡಿಗೆಗಿದ್ದ ಮನೆಯಲ್ಲಿ. ನಮ್ಮಲ್ಲಿ ಹೆಣ್ಣುಮಗಳ ಕಡೆಯ ಸೀರೆ ತವರಿನಿಂದಲೇ ಬರಬೇಕು. ಮಾಮಾನಿಗೆ ಹೇಳಿಕಳಿಸಿ ಬಹಳ ಹೊತ್ತಾಗಿತ್ತು. ಅವನಿಗೂ ವಯಸ್ಸಾಗಿತ್ತು, ಬಸ್ಸು ಎಲ್ಲೋ ಕೆಟ್ಟು ನಿಂತಿದೆ ಎಂದರು. ಬಿಸಿಲೇರಿತು. ಹಿರಿಯರು "ಹೊತ್ತು ಮೀರ್ಲತ್ತದ, ಮನ್ಯಾಗಿನ ಸೀರಿನೇ ಉಡಸ್ರಿ" ಎಂದು ಎದ್ದರು. ಅಲ್ಲಿಯವರೆಗೆ ಗೋಡೆಗೆ ಒರಗಿ ಕೂತಿದ್ದ ಅಪ್ಪ ಎದ್ದು ಬಾಗಿಲಿಗೆ ಅಡ್ಡ ನಿಂತ. "ಆಕಿ ಅಣ್ಣ ಬರ್ತಾನ. ಕಾಯ್ರಿ" ಅಂದ. ಎಲ್ಲರೂ ಕೂತರು. ಹೊತ್ತು ಇಳಿಯುವಾಗ ಮಾಮಾ ಬಂದ, ಮೈಯೆಲ್ಲ ಧೂಳು, ಎದೆಗೆ ಅವುಚಿಕೊಂಡ ಹಸಿರು ಸೀರೆ. ಅಪ್ಪ ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಅವ್ವ ತವರಿನ ಸೀರೆ ಉಟ್ಟೇ ಹೋದಳು.